ಮನೆಯ ಬಿಯರ್ ಹಂಡೆ: ಗಾತ್ರ ಹಿಗ್ಗಿದರೆ ಹವ್ಯಾಸ ಎಲ್ಲಿಗೆ ಮುಟ್ಟುತ್ತದೆ?

ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆಯೊಂದು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ಫೆಡರಲ್ ತೆರಿಗೆ ಕಟ್ಟದೆ ಸ್ವಂತ ಬಳಕೆಗೆ ತಯಾರಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಒಂದೇ ಒಂದು ಲೀಟರ್ ತಯಾರಿಸಿದರೂ ಅದು ಅಪರಾಧ.

ಈ ಅಂತರವನ್ನು ಕುಡಿತದ ಪರ-ವಿರೋಧದ ವಾದವಾಗಿ ನೋಡುವುದು ರೂಢಿ. ಆದರೆ ಮೂಲ ಪ್ರಶ್ನೆ ಅಳತೆಯದು. ಅಡುಗೆಮನೆಯ ಒಲೆಯ ಮೇಲೆ ಕುದಿಯುವ 20 ಲೀಟರಿನ ಪಾತ್ರೆ ಒಂದು ಹವ್ಯಾಸ. ಗ್ಯಾರೇಜಿನಲ್ಲಿ ನಿಲ್ಲಿಸಿದ 120 ಲೀಟರಿನ ಮೂರು ಹಂಡೆಗಳ ಸಲಕರಣೆಯನ್ನೂ ಅದೇ ಹೆಸರಿನಿಂದ ಕರೆಯಬಹುದೇ? ಗಾತ್ರ ಆರು ಪಟ್ಟು ಹೆಚ್ಚಿದಾಗ ಬದಲಾಗುವುದು ಬಿಯರಿನ ಪ್ರಮಾಣ ಮಾತ್ರವಲ್ಲ. ವಿದ್ಯುತ್ತು, ನೀರು, ಗಾಳಿ, ನೆರೆಹೊರೆ, ಕೊನೆಗೆ ಕಾನೂನು, ಎಲ್ಲದರ ಲೆಕ್ಕವೂ ಬದಲಾಗುತ್ತದೆ.

1978ರ ತಿದ್ದುಪಡಿ

ಅಮೆರಿಕದಲ್ಲಿ 1920ರಲ್ಲಿ ಜಾರಿಗೆ ಬಂದ ಪಾನನಿಷೇಧ 1933ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ನಂತರದ ಕಾನೂನಿನಲ್ಲಿ ಮನೆಯಲ್ಲಿ ವೈನ್ ತಯಾರಿಸಲು ಅವಕಾಶ ದೊರೆಯಿತಾದರೂ ಬಿಯರಿಗೆ ದೊರೆಯಲಿಲ್ಲ. ಈ ಲೋಪವನ್ನು ಸರಿಪಡಿಸಲು ನಾಲ್ಕು ದಶಕಗಳೇ ಬೇಕಾದವು. ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಅವರ ತಿದ್ದುಪಡಿಯನ್ನು ಒಳಗೊಂಡ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದರು. 1979ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು.

ಆ ಕಾನೂನಿನ ತಿರುಳು ಮೂರು ಅಂಶಗಳಲ್ಲಿದೆ. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಮಾರಾಟ ಸಲ್ಲದು. ಭಟ್ಟಿ ಇಳಿಸಿ ಮದ್ಯ ತೆಗೆಯುವುದಕ್ಕೆ ಈ ವಿನಾಯಿತಿ ಅನ್ವಯಿಸದು. ರಾಜ್ಯಗಳು ತಮ್ಮದೇ ಕಟ್ಟುಪಾಡು ಹಾಕಿಕೊಳ್ಳಲು ಸ್ವತಂತ್ರವಾಗಿದ್ದುದರಿಂದ ಮಿಸಿಸಿಪ್ಪಿ ಮತ್ತು ಅಲಬಾಮ ರಾಜ್ಯಗಳು ಮನೆ ಬಿಯರಿಗೆ ಒಪ್ಪಿಗೆ ಕೊಟ್ಟದ್ದು 2013ರಲ್ಲಷ್ಟೆ.

ಬ್ರಿಟನ್ ಇನ್ನೂ ಮೊದಲೇ ಈ ದಾರಿ ಹಿಡಿದಿತ್ತು. ಹಣಕಾಸು ಸಚಿವರಾಗಿದ್ದ ರೆಜಿನಾಲ್ಡ್ ಮೌಡ್ಲಿಂಗ್ 1963ರ ಬಜೆಟ್‌ನಲ್ಲಿ ಮನೆ ಬಿಯರಿನ ಪರವಾನಗಿಯನ್ನೇ ರದ್ದು ಮಾಡಿದರು.

ಅಮೆರಿಕದ ಕಾನೂನಿನಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದು ವರ್ಷದ ಒಟ್ಟು ಪ್ರಮಾಣಕ್ಕೆ ಮಿತಿ ಹಾಕಿದೆಯೇ ಹೊರತು ಹಂಡೆಯ ಗಾತ್ರಕ್ಕಲ್ಲ. ಹವ್ಯಾಸಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ 5 ಗ್ಯಾಲನ್, ಅಂದರೆ 19 ಲೀಟರ್ ತಯಾರಿಸುತ್ತಾರೆ. ಹೀಗೆ 200 ಗ್ಯಾಲನ್ ಮುಟ್ಟಲು ವರ್ಷಕ್ಕೆ 40 ಬಾರಿ ಒಲೆ ಹಚ್ಚಬೇಕು. ಒಂದು ಬ್ಯಾರಲ್, ಅಂದರೆ 31 ಗ್ಯಾಲನ್ ಅಥವಾ 117 ಲೀಟರ್ ಸಾಮರ್ಥ್ಯದ ಸಲಕರಣೆ ಇದ್ದರೆ ಆರು ಬಾರಿಗೆ 186 ಗ್ಯಾಲನ್ ಆಗುತ್ತದೆ. ಏಳನೆಯ ಬಾರಿ ಹಂಡೆ ತುಂಬಿದರೆ ಕಾನೂನಿನ ಗೆರೆ ದಾಟಿದಂತೆ. ಅಂದರೆ ದೊಡ್ಡ ಸಲಕರಣೆ ಕಟ್ಟಿದವನು ವರ್ಷದ ಬಹುಪಾಲು ದಿನ ಅದನ್ನು ಖಾಲಿ ಇಡಬೇಕು, ಇಲ್ಲವೇ ಪರವಾನಗಿ ಪಡೆದು ಉದ್ಯಮಿಯಾಗಬೇಕು. ಹಲವರು ಎರಡನೆಯ ದಾರಿ ಹಿಡಿದರು.

ಮೂರು ಹಂಡೆಗಳ ಲೆಕ್ಕ

ಬಿಯರ್ ತಯಾರಿಕೆಯ ಕ್ರಮ ತತ್ವದಲ್ಲಿ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಬೇಕು. ಆಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ದ್ರವವನ್ನು, ಅಂದರೆ ವರ್ಟನ್ನು ಸೋಸಿ, ಹಾಪ್ಸ್ ಹೂವು ಹಾಕಿ ಒಂದರಿಂದ ಒಂದೂವರೆ ಗಂಟೆ ಕುದಿಸಬೇಕು. ಬಳಿಕ ಬೇಗನೆ ಸುಮಾರು 20 ಡಿಗ್ರಿಗೆ ತಣಿಸಿ ಯೀಸ್ಟ್ ಬೆರೆಸಿದರೆ ಒಂದೆರಡು ವಾರದಲ್ಲಿ ಹುದುಗುವಿಕೆ ಮುಗಿಯುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದಕ್ಕೆ ಮೂರು ಹಂಡೆ ಬೇಕು: ನೀರು ಕಾಯಿಸಲು ಒಂದು, ಮಾಲ್ಟ್ ನೆನೆಸಲು ಒಂದು, ವರ್ಟ್ ಕುದಿಸಲು ಒಂದು. ಅಮೆರಿಕದ ಹವ್ಯಾಸಿಗಳಲ್ಲಿ ಬಹಳ ಕಾಲದಿಂದ ಜನಪ್ರಿಯವಾಗಿರುವುದು 15.5 ಗ್ಯಾಲನ್, ಅಂದರೆ ಸುಮಾರು 59 ಲೀಟರ್ ಹಿಡಿಯುವ ಸ್ಟೀಲ್ ಪೀಪಾಯಿಯ ಮೇಲ್ಭಾಗ ಕತ್ತರಿಸಿ ಹಂಡೆ ಮಾಡಿಕೊಳ್ಳುವ ವಿಧಾನ. ಇಲ್ಲಿಯೇ ಮೊದಲ ತಕರಾರು ಏಳುತ್ತದೆ. ಅಂಗಡಿಯಲ್ಲಿ ಠೇವಣಿ ಕಟ್ಟಿ ತಂದ ಪೀಪಾಯಿ ಬಿಯರ್ ಕಂಪನಿಯ ಸ್ವತ್ತು. ಠೇವಣಿ ಅದರ ಬೆಲೆಯಲ್ಲ. ಕತ್ತರಿಸಲು ಬಳಸುವ ಪೀಪಾಯಿಯನ್ನು ಬೆಲೆ ಕೊಟ್ಟೇ ಕೊಳ್ಳಬೇಕು.

ಎರಡನೆಯದು ಶಾಖದ ಲೆಕ್ಕ. 120 ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು ಸುಮಾರು 11 ಯೂನಿಟ್ ವಿದ್ಯುತ್ ಬೇಕು. 5.5 ಕಿಲೋವ್ಯಾಟ್‌ನ ಹೀಟರ್ ಹಾಕಿದರೂ ಕುದಿ ಬರಲು ಎರಡು ಗಂಟೆ ಹಿಡಿಯುತ್ತದೆ. ಇದು ಸ್ನಾನದ ಮನೆಯ ಎರಡು ಗೀಸರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಹೊರೆ. ನಮ್ಮ 230 ವೋಲ್ಟ್ ಸಂಪರ್ಕದಲ್ಲಿ ಅದು ಸುಮಾರು 24 ಆಂಪಿಯರ್ ಎಳೆಯುತ್ತದೆ. ಮನೆಯ ದೊಡ್ಡ ಸಾಕೆಟ್ಟಿನ ಮಿತಿಯೇ 16 ಆಂಪಿಯರ್. ಅಮೆರಿಕದಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆಂದು ಇರುವ 240 ವೋಲ್ಟಿನ ಪ್ರತ್ಯೇಕ ಸಂಪರ್ಕವನ್ನು ಹವ್ಯಾಸಿಗಳು ಬಳಸುತ್ತಾರೆ. ಸ್ಟೀಲ್ ಹಂಡೆ, ಒದ್ದೆ ನೆಲ, ಭಾರಿ ವಿದ್ಯುತ್ ಮೂರೂ ಒಂದೆಡೆ ಸೇರುವುದರಿಂದ ಸೋರಿಕೆಯಾದ ಕ್ಷಣವೇ ವಿದ್ಯುತ್ ಕಡಿಯುವ ರಕ್ಷಣಾ ಸಾಧನ ಅಲ್ಲಿ ಅನಿವಾರ್ಯ.

ಗ್ಯಾಸ್ ಬಳಸಿದರೆ ಈ ತೊಂದರೆ ಇಲ್ಲ, ಬೇರೆ ತೊಂದರೆ ಇದೆ. ದೊಡ್ಡ ಬರ್ನರುಗಳನ್ನು ಮುಚ್ಚಿದ ಕೋಣೆಯಲ್ಲಿ ಉರಿಸಿದರೆ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವ ಭಯ. ಆದ್ದರಿಂದಲೇ ಅವುಗಳನ್ನು ಹೊರಾಂಗಣದಲ್ಲಿ ಮಾತ್ರ ಬಳಸಬೇಕೆಂಬ ನಿಯಮ.

ಮೂರನೆಯದು ಭಾರ. ಒಂದು ಬ್ಯಾರಲ್ ಬಿಯರಿಗೆ 25ರಿಂದ 30 ಕಿಲೋ ಮಾಲ್ಟ್ ಬೇಕು. ನೀರು ಹೀರಿದ ಮೇಲೆ ಅದರ ಚರಟ ಇನ್ನೂ ಹೆಚ್ಚು ತೂಗುತ್ತದೆ. 20 ಲೀಟರಿನ ಪಾತ್ರೆಯನ್ನು ಒಬ್ಬರು ಎತ್ತಿ ಇಳಿಸಬಹುದು. 120 ಲೀಟರ್ ಕುದಿಯುವ ದ್ರವವನ್ನು ಎತ್ತಲಾಗದು. ಪಂಪು, ಕೊಳವೆ, ಕವಾಟಗಳು ಬೇಕೇ ಬೇಕು. ಅಲ್ಲಿಗೆ ಅಡುಗೆಮನೆಯ ಕೆಲಸ ಕಾರ್ಖಾನೆಯ ಸ್ವರೂಪ ಪಡೆಯುತ್ತದೆ.

ಕಾಯಿಸುವುದಕ್ಕಿಂತ ತಣಿಸುವುದೇ ಕಷ್ಟ

ದೊಡ್ಡ ಸಲಕರಣೆ ಕಟ್ಟುವವರು ಮೊದಲು ಯೋಚಿಸುವುದು ಒಲೆಯ ಬಗ್ಗೆ, ಕೊನೆಗೆ ಸೋಲುವುದು ತಣಿಸುವಲ್ಲಿ. ಹಾಕಿದ ಶಾಖವನ್ನೆಲ್ಲ ಮತ್ತೆ ಹೊರತೆಗೆಯಬೇಕು, ಅದೂ ಬೇಗನೆ. ಕುದಿದ ವರ್ಟ್ ಹೊತ್ತುಗಟ್ಟಲೆ ಬೆಚ್ಚಗೆ ಕುಳಿತರೆ ಬೇಡದ ಸೂಕ್ಷ್ಮಾಣುಗಳು ಯೀಸ್ಟಿಗಿಂತ ಮೊದಲೇ ಬಂದು ನೆಲೆಸುತ್ತವೆ. ಆಗ ಕೆಡುವುದು 20 ಲೀಟರಲ್ಲ, ಪೂರಾ 120 ಲೀಟರ್.

ಫಲಕಗಳ ನಡುವೆ ಒಂದು ಕಡೆ ಬಿಸಿ ವರ್ಟ್, ಇನ್ನೊಂದು ಕಡೆ ತಣ್ಣೀರು ಹರಿಸುವ ಶಾಖ ವಿನಿಮಯ ಸಾಧನ ಇದಕ್ಕೆ ಪರಿಹಾರ. ಆದರೆ ನಲ್ಲಿಯ ನೀರೇ 25 ಡಿಗ್ರಿ ಇರುವ ಊರಿನಲ್ಲಿ ಎಷ್ಟು ನೀರು ಹರಿಸಿದರೂ ವರ್ಟ್ 25ಕ್ಕಿಂತ ಕೆಳಗೆ ಇಳಿಯದು. ಮಂಜುಗಡ್ಡೆಯೋ ಶೈತ್ಯ ಯಂತ್ರವೋ ಬೇಕು. ಹರಿಸಿದ ನೀರನ್ನು ಹಿಡಿದಿಟ್ಟುಕೊಳ್ಳದಿದ್ದರೆ ಬಿಯರಿನ ಹಲವು ಪಟ್ಟು ನೀರು ಮೋರಿಯ ಪಾಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಂತಹ ನಗರದಲ್ಲಿ ಈ ಲೆಕ್ಕ ಸಣ್ಣದಲ್ಲ.

ಹುದುಗುವ ಹಂತದಲ್ಲಿ ಮತ್ತೊಂದು ತೊಡಕಿದೆ. ಯೀಸ್ಟ್ ಸಕ್ಕರೆ ತಿನ್ನುವಾಗ ಶಾಖ ಬಿಡುತ್ತದೆ. ಸಣ್ಣ ಪಾತ್ರೆಯ ಶಾಖ ಅದರ ಮೈಯಿಂದಲೇ ಗಾಳಿಗೆ ಹೋಗುತ್ತದೆ. ಪಾತ್ರೆ ದೊಡ್ಡದಾದಂತೆ ಒಳಗಿನ ದ್ರವಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಉಷ್ಣತೆ ಮಿತಿ ಮೀರಿದರೆ ಬಿಯರಿನ ರುಚಿ ಕೆಡುತ್ತದೆ. ಹಾಗಾಗಿ ಸಣ್ಣ ಪಾತ್ರೆಗೆ ಬೇಡವಾದ ಶೀತಲ ವ್ಯವಸ್ಥೆ ದೊಡ್ಡ ತೊಟ್ಟಿಗೆ ಬೇಕಾಗುತ್ತದೆ.

ಕಣ್ಣಿಗೆ ಕಾಣದ ಅಪಾಯವೂ ಇದೆ. ಹುದುಗಿದ ಸಕ್ಕರೆಯ ತೂಕದ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಸಾಮಾನ್ಯ ಕಡುಪಿನ ಒಂದು ಬ್ಯಾರಲ್ ಬಿಯರಿನಿಂದ ಬರುವ ಈ ಅನಿಲ ಸುಮಾರು 4 ಕಿಲೋ, ಅಂದರೆ ಎರಡು ಸಾವಿರ ಲೀಟರಿಗೂ ಹೆಚ್ಚು. ಇದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ತಂಗುತ್ತದೆ. ಕಿಟಕಿಯಿಲ್ಲದ ಉಗ್ರಾಣದಲ್ಲೋ ನೆಲಮಾಳಿಗೆಯಲ್ಲೋ ತೊಟ್ಟಿ ಇಟ್ಟರೆ ಅಪಾಯ ತಯಾರಿಸಿದವನಿಗೆ ಮಾತ್ರವಲ್ಲ, ಅರಿಯದೆ ಒಳಹೊಕ್ಕ ಮನೆಯವರಿಗೂ ಇದೆ.

ಗ್ಯಾರೇಜಿನಿಂದ ಮಾರುಕಟ್ಟೆಗೆ

ಇಷ್ಟೆಲ್ಲ ತೊಡಕುಗಳ ನಡುವೆಯೂ ಅಮೆರಿಕದಲ್ಲಿ ಈ ಹವ್ಯಾಸ ಒಂದು ಉದ್ಯಮಕ್ಕೆ ತಾಯಿಬೇರಾಯಿತು. 1970ರ ದಶಕದ ಕೊನೆಯಲ್ಲಿ ಆ ದೇಶದ ಒಟ್ಟು ಬಿಯರ್ ಕಾರ್ಖಾನೆಗಳ ಸಂಖ್ಯೆ ನೂರಕ್ಕಿಂತ ಕಡಿಮೆಗೆ ಇಳಿದಿತ್ತು. 2020ರ ದಶಕದ ಆರಂಭದಲ್ಲಿ ಅದು 9,000 ದಾಟಿತು. ಇದರ ಹಿಂದೆ ತೆರಿಗೆ ರಿಯಾಯಿತಿ, ಮಾರುಕಟ್ಟೆ, ಜನರ ಅಭಿರುಚಿ ಎಲ್ಲವೂ ಇವೆ. ಆದರೆ ಆರಂಭದ ತಲೆಮಾರಿನ ಅನೇಕರು ಕೆಲಸ ಕಲಿತದ್ದು ಮನೆಯ ಪಾತ್ರೆಯಲ್ಲೇ.

ಆ ಕಥೆಯಲ್ಲಿ ಒಂದು ಸೋಲು ಮತ್ತು ಒಂದು ಗೆಲುವು ಅಕ್ಕಪಕ್ಕದಲ್ಲಿವೆ. ಹಡಗಿನ ಕೆಲಸ ಬಲ್ಲ ಜಾಕ್ ಮೆಕಾಲಿಫ್ 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಆರಂಭಿಸಿದರು. ತಂಪು ಪಾನೀಯದ ಸಿರಪ್ ಸಾಗಿಸುತ್ತಿದ್ದ 55 ಗ್ಯಾಲನ್ ಸ್ಟೀಲ್ ಡ್ರಮ್ಮುಗಳೇ ಅವರ ಹಂಡೆ. ಒಂದು ಸಲಕ್ಕೆ ಬರುತ್ತಿದ್ದುದು ಸುಮಾರು ಒಂದೂವರೆ ಬ್ಯಾರಲ್. ಬಿಯರಿಗೆ ಹೆಸರು ಬಂತು, ಆದರೆ ಅಷ್ಟು ಸಣ್ಣ ಪ್ರಮಾಣದಲ್ಲಿ ಖರ್ಚು ಹುಟ್ಟಲಿಲ್ಲ. 1982ರಲ್ಲಿ ಅದು ಮುಚ್ಚಿತು.

ಅದೇ ರಾಜ್ಯದ ಚಿಕೊ ಪಟ್ಟಣದಲ್ಲಿ ಮನೆ ಬಿಯರಿನ ಸಾಮಗ್ರಿ ಮಾರುವ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ ಈ ಪಾಠವನ್ನು ಗ್ರಹಿಸಿದರು. ಪಾಲುದಾರ ಪಾಲ್ ಕಮೂಸಿ ಜೊತೆಗೂಡಿ, ಹಾಲಿನ ಡೇರಿಗಳ ಹಳೆಯ ತೊಟ್ಟಿಗಳನ್ನು ಕೊಂಡು ಬೆಸುಗೆ ಹಾಕಿ, ಹತ್ತು ಬ್ಯಾರಲ್ ಸಾಮರ್ಥ್ಯದ ಸ್ಥಾವರ ಕಟ್ಟಿದರು. 1980ರ ನವೆಂಬರಿನಲ್ಲಿ ಮೊದಲ ಹಂಡೆ ಕುದಿಯಿತು. ಸಿಯೆರಾ ನೆವಾಡ ಎಂಬ ಆ ಕಂಪನಿ ಇಂದು ಅಮೆರಿಕದ ದೊಡ್ಡ ಸ್ವತಂತ್ರ ಬ್ರೂವರಿಗಳಲ್ಲಿ ಒಂದು.

ಒಂದೂವರೆ ಬ್ಯಾರಲ್ ಎಂಬುದು ಹವ್ಯಾಸಕ್ಕೆ ಅತಿಯಾಯಿತು, ವ್ಯಾಪಾರಕ್ಕೆ ಸಾಲದಾಯಿತು. ಮನೆಯಲ್ಲಿ ಕಟ್ಟುವ ದೊಡ್ಡ ಸಲಕರಣೆಗಳು ಸಿಕ್ಕಿಕೊಳ್ಳುವುದು ಸರಿಯಾಗಿ ಈ ಇಕ್ಕಟ್ಟಿನಲ್ಲಿಯೇ. ಉದ್ಯಮವೂ ಈಗ ಏರುಗತಿಯಲ್ಲಿಲ್ಲ. 2024ರಲ್ಲಿ ಅಮೆರಿಕದಲ್ಲಿ ಹೊಸದಾಗಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವೇ ಹೆಚ್ಚು.

ಕರ್ನಾಟಕದ ನಿಲುವು

ಭಾರತದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ತಯಾರಿಕೆ, ಸ್ವಾಧೀನ, ಸಾಗಾಟ, ಮಾರಾಟ ಎಲ್ಲವೂ ರಾಜ್ಯದ ಅಧೀನ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪರವಾನಗಿ ಇಲ್ಲದೆ ಮಾದಕ ಪಾನೀಯ ತಯಾರಿಸುವುದನ್ನು ನಿಷೇಧಿಸುತ್ತದೆ. ತಯಾರಿಕೆಗೆಂದು ಸಾಮಗ್ರಿ, ಉಪಕರಣ ಇಟ್ಟುಕೊಳ್ಳುವುದೂ ಅದರ ವ್ಯಾಪ್ತಿಗೆ ಬರುತ್ತದೆ. 20 ಲೀಟರಿನ ಹವ್ಯಾಸಿಗೂ ಕಾಡಿನಂಚಿನ ಕಳ್ಳಭಟ್ಟಿಗೂ ಕಾನೂನಿನ ಕಣ್ಣಿನಲ್ಲಿ ಮೂಲತಃ ವ್ಯತ್ಯಾಸವಿಲ್ಲ.

ಅದೇ ಸರ್ಕಾರ ವಾಣಿಜ್ಯದ ಬಾಗಿಲನ್ನು ಮಾತ್ರ ತೆರೆದಿದೆ. 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಿತು. 2011ರಲ್ಲಿ ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ ದಿ ಬಿಯರ್ ಕ್ಲಬ್ ಆರಂಭವಾದ ನಂತರ ಕಿರು ಬ್ರೂವರಿಗಳು ನಗರದ ಗುರುತೇ ಆಗಿವೆ. ಅಲ್ಲಿ ಹಂಡೆ ಗಾಜಿನ ಹಿಂದೆ ಎಲ್ಲರಿಗೂ ಕಾಣುವಂತೆ ನಿಂತಿರುತ್ತದೆ, ಏಕೆಂದರೆ ಅದಕ್ಕೆ ಪರವಾನಗಿ ಇದೆ, ಸುಂಕ ಕಟ್ಟಲಾಗುತ್ತದೆ. 2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಸುಂಕವಿಲ್ಲದ ಹಂಡೆಗೆ ಖಜಾನೆ ಉತ್ಸಾಹ ತೋರದಿರುವುದು ಸಹಜ.

ಆದರೆ ಕಾರಣ ಖಜಾನೆ ಮಾತ್ರವಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ ಹಾಗೂ ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳಭಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಸಾವು. ಇಂತಹ ನೆನಪುಗಳಿರುವ ನಾಡಿನಲ್ಲಿ ಮನೆಯಲ್ಲಿ ಮದ್ಯ ಎಂಬ ಮಾತಿಗೇ ಅಧಿಕಾರಿಗಳು ಬೆಚ್ಚುವುದನ್ನು ತಪ್ಪೆನ್ನಲಾಗದು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಈ ದುರಂತಗಳ ಮೂಲ ಮೆಥನಾಲ್, ಅಂದರೆ ಕೈಗಾರಿಕಾ ಬಳಕೆಯ ಮಿಥೈಲ್ ಆಲ್ಕೋಹಾಲ್. ಬಾರ್ಲಿಯನ್ನು ಯೀಸ್ಟಿನಿಂದ ಹುದುಗಿಸಿದ ಬಿಯರಿನಲ್ಲಿ ಅದು ಪ್ರಾಣ ತೆಗೆಯುವ ಮಟ್ಟದಲ್ಲಿ ಉಂಟಾಗುವುದಿಲ್ಲ. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ, ಹೊರಗಿನ ರಾಸಾಯನಿಕ ಬೆರೆಸುವುದು ಇನ್ನೂ ಬೇರೆ. ಅಮೆರಿಕದ 1978ರ ತಿದ್ದುಪಡಿ ಮೊದಲ ಎರಡರ ನಡುವೆ ಗೆರೆ ಎಳೆಯಿತು. ನಮ್ಮ ಕಾಯ್ದೆ ಮೂರನ್ನೂ ಒಂದೇ ಬುಟ್ಟಿಗೆ ಹಾಕಿದೆ.

ಇದರಿಂದ ಕಾನೂನು ಮತ್ತು ರೂಢಿ ಮುಖಾಮುಖಿಯಾಗುತ್ತವೆ. ಕೊಡಗಿನ ಮನೆಗಳಲ್ಲಿ ಹಣ್ಣಿನ ವೈನ್, ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್‌ಮಸ್ ವೈನ್ ತಯಾರಿಸುವುದು ತಲೆಮಾರುಗಳ ಪದ್ಧತಿ. ನೆರೆಯ ಕೇರಳದಲ್ಲಿ 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ ಮನೆ ವೈನ್ ವಿರುದ್ಧ ಎಚ್ಚರಿಕೆ ಹೊರಡಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಅಳತೆಯ ಮಿತಿ ಹಾಕಿ ವಿನಾಯಿತಿ ಕೊಡುವುದು ಭಾರತಕ್ಕೆ ಹೊಸದೂ ಅಲ್ಲ. ಮಧ್ಯಪ್ರದೇಶದಲ್ಲಿ ಪರಿಶಿಷ್ಟ ಪಂಗಡದವರು ಸ್ವಂತ ಬಳಕೆಗೆ ನಿಗದಿತ ಪ್ರಮಾಣದಲ್ಲಿ ಸಾಂಪ್ರದಾಯಿಕ ಮದ್ಯ ತಯಾರಿಸಿಕೊಳ್ಳಲು ಕಾನೂನೇ ಅವಕಾಶ ನೀಡಿದೆ.

ಎದುರು ವಾದದ ತೂಕ

ವಿನಾಯಿತಿ ಬೇಡ ಎನ್ನುವವರ ಮಾತನ್ನೂ ಕೇಳಬೇಕು. ಸಂವಿಧಾನದ 47ನೇ ವಿಧಿ ಮಾದಕ ಪಾನೀಯ ನಿಷೇಧದತ್ತ ಶ್ರಮಿಸಲು ಸರ್ಕಾರಕ್ಕೆ ನಿರ್ದೇಶನ ನೀಡಿದೆ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಆಗ್ರಹಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಗಂಡನ ಕೂಲಿ ಹಣ ಹೆಂಡದಂಗಡಿಗೆ ಹೋಗುವುದನ್ನು ತಡೆಯಲು ನಡೆದು ಬಂದವರಿಗೆ ನಗರದ ಗ್ಯಾರೇಜಿನ ಹವ್ಯಾಸ ಹೇಗೆ ಕಂಡೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅಂಗಡಿ ದೂರವಿದ್ದಷ್ಟೂ ಕುಡಿತಕ್ಕೆ ಅಡ್ಡಿ ಇರುತ್ತದೆ. ಹಂಡೆಯೇ ಮನೆಯೊಳಗೆ ಬಂದರೆ ಆ ಅಡ್ಡಿಯೂ ಇಲ್ಲ.

ಜಾರಿಯ ಪ್ರಶ್ನೆಯೂ ಇದೆ. ಮನೆಮನೆಗೆ ಹೋಗಿ ಲೀಟರ್ ಎಣಿಸುವವರಾರು? ಅಮೆರಿಕದಲ್ಲೂ ಯಾರೂ ಎಣಿಸುವುದಿಲ್ಲ. ಅಲ್ಲಿನ ವ್ಯವಸ್ಥೆ ಮಾರಾಟ ಎಂಬ ಒಂದೇ ಕಡೆ ಕಾವಲು ಕಾಯುತ್ತದೆ. ಅಂಗಡಿಯಿಂದ ಹಳ್ಳಿಗೆ ಒಯ್ದು ಕದ್ದುಮುಚ್ಚಿ ಮದ್ಯ ಮಾರುವುದನ್ನೇ ತಡೆಯಲಾಗದ ಕಡೆ ಆ ಕಾವಲು ಎಷ್ಟು ಗಟ್ಟಿ ಎಂಬ ಅನುಮಾನ ನ್ಯಾಯವಾದದ್ದೇ.

ಅಳತೆಗೋಲು ಬೇಕು

ಈ ಎರಡು ವಾದಗಳ ನಡುವೆ ದಾರಿ ಇದ್ದರೆ ಅದು ಗಾತ್ರದ ಮೂಲಕವೇ ಸಾಗಬೇಕು. ಅಮೆರಿಕದ ಅನುಭವ ತೋರಿಸುವುದೂ ಅದನ್ನೇ. ಅಲ್ಲಿನ ಕಾನೂನು ವರ್ಷದ ಪ್ರಮಾಣವನ್ನು ಹೇಳಿ ಹಂಡೆಯ ಬಗ್ಗೆ ಮೌನ ತಾಳಿದ್ದರಿಂದ ವಿದ್ಯುತ್ತು, ಅನಿಲ, ಗಾಳಿಗಳ ಸುರಕ್ಷತೆ ಬಹುಮಟ್ಟಿಗೆ ಹವ್ಯಾಸಿಯ ವಿವೇಕಕ್ಕೆ ಬಿಟ್ಟುಹೋಯಿತು. ಪ್ರತ್ಯೇಕ ಮನೆ, ಅಗಲ ಅಂಗಳ, ಗ್ಯಾರೇಜು ಇರುವ ದೇಶದಲ್ಲಿ ಅದು ನಡೆದೀತು. ಗೋಡೆಗೆ ಗೋಡೆ ತಾಗಿದ ನಮ್ಮ ಬಡಾವಣೆಗಳಲ್ಲಿ, ಒಂದೇ ಮೀಟರ್ ಕೋಣೆಯಿಂದ ನೂರು ಮನೆಗಳಿಗೆ ತಂತಿ ಹೋಗುವ ಅಪಾರ್ಟ್‌ಮೆಂಟುಗಳಲ್ಲಿ 120 ಲೀಟರಿನ ಸಲಕರಣೆ ಒಂದು ಮನೆಯ ಖಾಸಗಿ ಸಂಗತಿಯಾಗಿ ಉಳಿಯದು.

ಹಾಗೆಂದು 20 ಲೀಟರಿನ ಪಾತ್ರೆಯನ್ನೂ ಕಳ್ಳಭಟ್ಟಿಯ ಸಾಲಿನಲ್ಲಿ ನಿಲ್ಲಿಸುವುದು ವಿವೇಕವಲ್ಲ. ಎಲ್ಲವನ್ನೂ ಅಪರಾಧವೆಂದು ಬರೆದು ಬಹುತೇಕ ಕಡೆ ಕಣ್ಣು ಮುಚ್ಚಿಕೊಳ್ಳುವ ಕಾನೂನು ಅಧಿಕಾರಿಯ ಮರ್ಜಿಗೆ ಜಾಗ ಮಾಡಿಕೊಡುತ್ತದೆ. ಯಾರ ಮನೆಯ ಬಾಗಿಲು ಬಡಿಯಬೇಕು, ಯಾರದ್ದನ್ನು ಬಿಡಬೇಕು ಎಂಬುದು ಆಗ ನಿಯಮದಿಂದಲ್ಲ, ನಂಟಿನಿಂದ ತೀರ್ಮಾನವಾಗುತ್ತದೆ. ಸಣ್ಣ ಪ್ರಮಾಣಕ್ಕೆ ಸ್ಪಷ್ಟ ಮಿತಿ, ಮಾರಾಟಕ್ಕೆ ಮತ್ತು ಭಟ್ಟಿಗೆ ಕಟ್ಟುನಿಟ್ಟಿನ ನಿಷೇಧ, ಆ ಮಿತಿಗಿಂತ ದೊಡ್ಡ ಹಂಡೆಗೆ ಅಗ್ನಿ, ವಿದ್ಯುತ್, ನೀರಿನ ತಪಾಸಣೆಯೊಂದಿಗೆ ಕೈಗೆಟಕುವ ಶುಲ್ಕದ ಪರವಾನಗಿ. ಹೀಗೆ ಮೂರು ಮೆಟ್ಟಿಲು ಮಾಡಿದರೆ ಹವ್ಯಾಸಿಗೂ ನೆರೆಯವನಿಗೂ ಇಲಾಖೆಗೂ ತಾವು ನಿಂತಿರುವುದು ಎಲ್ಲಿ ಎಂಬುದು ತಿಳಿಯುತ್ತದೆ.

ಮೊದಲ ಮೆಟ್ಟಿಲು ಬೇಕೇ ಬೇಡವೇ ಎಂಬುದನ್ನು ಶಾಸನಸಭೆ ತೀರ್ಮಾನಿಸಬೇಕು. ಚಿತ್ರದುರ್ಗದಿಂದ ನಡೆದು ಬಂದ ಮಹಿಳೆಯರ ಮಾತಿಗೂ ಆ ಚರ್ಚೆಯಲ್ಲಿ ಸ್ಥಾನವಿರಬೇಕು. ಆದರೆ ಮೂರನೆಯ ಮೆಟ್ಟಿಲಿನ ಬಗ್ಗೆ ಗೊಂದಲ ಬೇಡ. ಪಂಪು, ಶೈತ್ಯ ಯಂತ್ರ, 24 ಆಂಪಿಯರ್ ವಿದ್ಯುತ್ತು, ಎರಡು ಸಾವಿರ ಲೀಟರ್ ಅನಿಲ ಇರುವ ಜಾಗವನ್ನು ಮನೆ ಎಂದು ಕರೆದರೂ ಅದು ಕಾರ್ಖಾನೆಯೇ. ಅದಕ್ಕೆ ಅನ್ವಯಿಸಬೇಕಾದದ್ದೂ ಕಾರ್ಖಾನೆಯ ನಿಯಮವೇ.